ಭಾಂಡುಪಿನ ಮನೆಯೊಳಗೊಂದು ಬಚ್ಚಲ ಒಲೆ: ಗ್ರಾಫಿಕ್ಸ್ ಕಾರ್ಡಿನ ಬಿಸಿ ಇಳಿಸಿದ ಕಥೆ

ಮೇ ತಿಂಗಳ ಎರಡನೆಯ ವಾರ, ಮಧ್ಯಾಹ್ನ ಎರಡೂವರೆ. ನಾನು ಹಾಲ್‌ನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕಾಲ್‌ನಲ್ಲಿದ್ದೆ. ಒಳಕೋಣೆಯಿಂದ ಹೆಂಡತಿಯ ದನಿ ಬಂತು: "ರೀ, ಮತ್ತೆ ಹೋಯ್ತು!"

ಹೋಗಿ ನೋಡಿದರೆ ಪರದೆ ಪೂರ್ತಿ ಕಪ್ಪು. ಕಂಪ್ಯೂಟರಿನೊಳಗಿನ ಫ್ಯಾನುಗಳು ಮಾತ್ರ ಮಿಕ್ಸಿಯ ಹಾಗೆ ಕೂಗುತ್ತಿದ್ದವು. ಅವಳು ಮನೆಯಿಂದಲೇ ಇಂಟೀರಿಯರ್ ಡಿಸೈನ್ ಕೆಲಸ ಮಾಡುತ್ತಾಳೆ. ಗಿರಾಕಿಗೆ ಅವರ ಅಡುಗೆಮನೆ, ಬೆಡ್‌ರೂಮು ಹೇಗೆ ಕಾಣಲಿದೆ ಎಂದು ಮೊದಲೇ ತೋರಿಸುವ ಚಿತ್ರ ತಯಾರಿಸುವುದು ಅದರ ಮುಖ್ಯ ಭಾಗ. ಒಂದು ಚಿತ್ರ ಸಿದ್ಧವಾಗಲು ನಲವತ್ತು ನಿಮಿಷ ಬೇಕು. ಮೂವತ್ತೈದನೇ ನಿಮಿಷದಲ್ಲಿ ಕಂಪ್ಯೂಟರ್ ಕಣ್ಣು ಮುಚ್ಚಿದರೆ ಮತ್ತೆ ಮೊದಲಿನಿಂದ ಶುರು. ಆ ವಾರದಲ್ಲಿ ಅದು ಮೂರನೇ ಸಲ. ಗುರುವಾರ ಎಂಟು ಚಿತ್ರ ಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಹೊಸ ಕಾರ್ಡು ಕೊಳ್ಳೋಣವೆಂದರೆ ಅವಳ ಎರಡು ತಿಂಗಳ ಸಂಪಾದನೆ ಅದಕ್ಕೇ ಸರಿಹೋಗುತ್ತದೆ.

ಬೇಸಿಗೆಗೆಂದು ಕುಮಟೆಯಿಂದ ಬಂದಿದ್ದ ಅಮ್ಮ ಅದೇ ಕೋಣೆಯ ಮಂಚದ ಮೇಲೆ ಮಲಗಿದ್ದರು. ನಿದ್ದೆ ಎಲ್ಲಿಂದ ಬರಬೇಕು? ಎದ್ದು ಬಂದು ಕ್ಯಾಬಿನೆಟ್ಟಿನ ಹಿಂದೆ ಕೈ ಹಿಡಿದು ನೋಡಿದರು. "ಇದು ನಮ್ಮ ಬಚ್ಚಲ ಒಲೆಗಿಂತ ಜೋರಾಯ್ತಲ್ಲೋ ತಮ್ಮಾ. ಆ ಒಲೆಗೆ ಹೊಗೆ ಹೋಗ್ಲಿಕ್ಕೆ ಒಂದು ಗಂಡಿಯಾದ್ರೂ ಇತ್ತು. ಇದ್ರ ಬಿಸಿ ಎಲ್ಲಿಗೆ ಹೋಗ್ತದೆ?"

ಹದಿನೈದು ವರ್ಷ ಐಟಿಯಲ್ಲಿದ್ದರೂ ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ನಾನು ನೋಡಿಕೊಳ್ಳುವ ಸರ್ವರುಗಳು ಐರೋಲಿಯಂಥ ಕಡೆಯ ಡೇಟಾ ಸೆಂಟರುಗಳಲ್ಲಿ ಇರುತ್ತವೆ. ಅವುಗಳ ಬಿಸಿಯ ಚಿಂತೆ ಬೇರೆಯವರದ್ದು. ಮನೆಯ ಕಂಪ್ಯೂಟರಿನ ಬಿಸಿ ಮಾತ್ರ ನಮ್ಮ ತಲೆಯ ಮೇಲೆಯೇ ಇಳಿಯುತ್ತದೆ. ಆ ವಾರ ನಾನು ಮಾಡಿದ ಕೆಲಸ, ಕಲಿತ ಪಾಠ, ಮಾಡಿಕೊಂಡ ಎಡವಟ್ಟು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಮಗನ ಗೇಮಿಂಗಿಗೋ, ಮಗಳ ಅನಿಮೇಶನ್ ಕೋರ್ಸಿಗೋ ಮನೆಯಲ್ಲಿ ಇಂಥದ್ದೊಂದು ಕಾರ್ಡು ಇಟ್ಟುಕೊಂಡವರಿಗೆ ಉಪಯೋಗವಾದೀತು.

ಮೂವರು ಹೆಚ್ಚುವರಿ ನೆಂಟರು

ಗ್ರಾಫಿಕ್ಸ್ ಕಾರ್ಡು ಎಷ್ಟು ವಿದ್ಯುತ್ ಕುಡಿಯುತ್ತದೆಯೋ ಹೆಚ್ಚುಕಡಿಮೆ ಅಷ್ಟನ್ನೂ ಬಿಸಿಯಾಗಿ ಹೊರಹಾಕುತ್ತದೆ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060ರಂಥ ಮಧ್ಯಮ ವರ್ಗದ ಕಾರ್ಡಿಗೆ 170 ವ್ಯಾಟ್. 2022ರ ಆರ್‌ಟಿಎಕ್ಸ್ 4090ಕ್ಕೆ 450 ವ್ಯಾಟ್. ನಮ್ಮ ಕಾರ್ಡು ಮೊದಲನೆಯ ಜಾತಿಯದು. ಅದರ ಜೊತೆಗೆ ಪ್ರೊಸೆಸರು, ಪರದೆ ಎಲ್ಲ ಸೇರಿಸಿದರೆ ಕೆಲಸದ ಹೊತ್ತಿನಲ್ಲಿ ಮುನ್ನೂರು ವ್ಯಾಟಿನ ಹತ್ತಿರ ಹೋಗುತ್ತದೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಹೊರಬೀಳುವ ಬಿಸಿ ಸುಮಾರು ನೂರು ವ್ಯಾಟ್. ಅಂದರೆ ನಮ್ಮ ಹತ್ತು ಅಡಿ ಹತ್ತು ಅಡಿಯ ಕೋಣೆಯಲ್ಲಿ, ಮೇ ತಿಂಗಳ ಮಧ್ಯಾಹ್ನ, ಮೂವರು ನೆಂಟರು ಹೆಚ್ಚುವರಿಯಾಗಿ ಬಂದು ಕೂತ ಲೆಕ್ಕ.

ಈ ಬಿಸಿ ಚಿಪ್ಪಿನಿಂದ ಹೊರಡುವ ದಾರಿ ಹೀಗಿದೆ: ಚಿಪ್ಪು, ಅದರ ಮೇಲೆ ತೆಳ್ಳಗೆ ಹಚ್ಚಿದ ಥರ್ಮಲ್ ಪೇಸ್ಟ್, ತಾಮ್ರದ ತಳ ಮತ್ತು ಕೊಳವೆಗಳು, ಅಲ್ಯುಮಿನಿಯಮ್ಮಿನ ತೆಳು ಹಾಳೆಗಳು, ಫ್ಯಾನಿನ ಗಾಳಿ, ಕ್ಯಾಬಿನೆಟ್ಟು, ಕೋಣೆ, ಕೊನೆಗೆ ಕಿಟಕಿ. ಸರಪಳಿಯ ಯಾವ ಕೊಂಡಿಯಲ್ಲಿ ತಡೆಯಾದರೂ ಅದರ ಹಿಂದಿನದೆಲ್ಲ ಕಾಯುತ್ತದೆ. ಹೊರಹೋಗುವ ಗಂಡಿಯೇ ಇಲ್ಲದ ಹೋಟೆಲಿನ ಅಡುಗೆಮನೆಯಲ್ಲಿ ಎಷ್ಟು ಫ್ಯಾನು ತೂಗುಹಾಕಿದರೂ ದೋಸೆ ಹುಯ್ಯುವವನ ಬೆವರು ಆರುವುದಿಲ್ಲವಲ್ಲ, ಇದೂ ಹಾಗೇ.

ಈ ತಲೆನೋವು ಹೊಸದೇನಲ್ಲ. 2003ರಲ್ಲಿ ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಂಬ ಕಾರ್ಡಿನ ಫ್ಯಾನು ಮಾಡುತ್ತಿದ್ದ ಸದ್ದನ್ನು ಜನ ವ್ಯಾಕ್ಯೂಮ್ ಕ್ಲೀನರಿಗೆ ಹೋಲಿಸಿ ನಕ್ಕರು. ಕೊನೆಗೆ ಕಂಪನಿಯವರೇ ತಮ್ಮನ್ನು ತಾವು ಗೇಲಿ ಮಾಡಿಕೊಂಡು ಒಂದು ವಿಡಿಯೋ ಮಾಡಿದರು.

ಮುಂಬಯಿಯ ಗಾಳಿಯ ಲೆಕ್ಕ

ಕಾರ್ಡಿನ ತಾಪ ಕೋಣೆಯ ತಾಪದ ಮೇಲೆ ಕೂತಿರುತ್ತದೆ. ಕೋಣೆ 24 ಡಿಗ್ರಿ ಇದ್ದಾಗ 70 ತೋರಿಸುವ ಕಾರ್ಡು ಅದೇ ಕೆಲಸಕ್ಕೆ 34 ಡಿಗ್ರಿಯ ಕೋಣೆಯಲ್ಲಿ ಸುಮಾರು 80 ತೋರಿಸುತ್ತದೆ. ಹಾಗಾಗಿ ತಂಪು ದೇಶದವರು ಹಾಕುವ ವಿಡಿಯೋಗಳ ಅಂಕಿಗಳನ್ನು ನಂಬಿ ನಮ್ಮ ಕಾರ್ಡು ಕೆಟ್ಟಿದೆ ಎಂದುಕೊಳ್ಳಬಾರದು. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 1952ರ ಏಪ್ರಿಲ್ 14ರಂದು 42.2 ಡಿಗ್ರಿ ದಾಖಲಾದ ಊರು ಇದು.

ಸೆಕೆಯ ವಿಷಯದಲ್ಲಿ ಒಂದು ತಮಾಷೆಯಿದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ನಮ್ಮ ಬೆವರು ಆರುವುದಿಲ್ಲ, ಆದ್ದರಿಂದ ಮೈ ತಂಪಾಗುವುದಿಲ್ಲ. ಲೋಹಕ್ಕೆ ಬೆವರಿಲ್ಲ. ಹೀಗಾಗಿ 34 ಡಿಗ್ರಿಯ ಒಣ ಗಾಳಿಯೂ 34 ಡಿಗ್ರಿಯ ಒದ್ದೆ ಗಾಳಿಯೂ ಕಾರ್ಡಿನ ತಾಪಕ್ಕೆ ಹೆಚ್ಚುಕಡಿಮೆ ಒಂದೇ. ತೇವ ತೊಂದರೆ ಕೊಡುವುದು ಬೇರೆ ದಾರಿಯಲ್ಲಿ. ಅದು ದೂಳನ್ನು ಅಂಟಿನಂತೆ ಮಾಡುತ್ತದೆ, ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪಿನ ಜೊತೆ ಸೇರಿ ಲೋಹಕ್ಕೆ ಕಿಲುಬು ಹಿಡಿಸುತ್ತದೆ. ವರ್ಸೋವಾ, ವರ್ಲಿ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಭಾಂಡುಪಿನಲ್ಲಿ ಉಪ್ಪಿಗಿಂತ ದೂಳಿನದೇ ಕಾಟ. ಎಲ್‌ಬಿಎಸ್ ಮಾರ್ಗದ ಉದ್ದಕ್ಕೂ ನಾಲ್ಕನೇ ಮೆಟ್ರೋ ಮಾರ್ಗದ ಕಂಬಗಳು ಎದ್ದಷ್ಟು ದಿನವೂ ಬೆಳಿಗ್ಗೆ ಒರೆಸಿದ ಟೇಬಲ್ಲಿನ ಮೇಲೆ ಸಂಜೆ ಹೆಸರು ಬರೆಯಬಹುದಿತ್ತು.

ಮೊದಲು ಅಳೆಯಿರಿ

ಗಾಬರಿಯಲ್ಲಿ ಸ್ಕ್ರೂ ಬಿಚ್ಚುವ ಮೊದಲು ಅಳತೆ ಆಗಬೇಕು. ಎಚ್‌ಡಬ್ಲ್ಯುಇನ್ಫೋ, ಜಿಪಿಯು-ಝೆಡ್‌ನಂಥ ಉಚಿತ ಸಾಫ್ಟ್‌ವೇರುಗಳು ಕಾರ್ಡಿನ ತಾಪ, ಅತಿ ಬಿಸಿಯಾದ ಬಿಂದುವಿನ ತಾಪ, ಫ್ಯಾನಿನ ವೇಗ, ಬಳಸುತ್ತಿರುವ ವ್ಯಾಟ್ ಎಲ್ಲವನ್ನೂ ತೋರಿಸುತ್ತವೆ. ಕೋಣೆಯ ತಾಪವನ್ನೂ ಜೊತೆಗೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಬೆಳಗಿನ ಅಂಕಿಯನ್ನು ಮಧ್ಯಾಹ್ನದ್ದಕ್ಕೆ ಹೋಲಿಸಿ ಮೋಸ ಹೋಗುತ್ತೀರಿ.

ನಮ್ಮ ಮನೆಯ ಲೆಕ್ಕ: ಕೋಣೆ 34, ಕಾರ್ಡು 91, ಅತಿ ಬಿಸಿ ಬಿಂದು 108. ಈ ಜಾತಿಯ ಕಾರ್ಡಿಗೆ ಕಂಪನಿ ಹೇಳುವ ಗರಿಷ್ಠ ಮಿತಿ 93. ಅಲ್ಲಿಗೆ ಹತ್ತಿರವಾದಂತೆ ಕಾರ್ಡು ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಜೀವ ಉಳಿಸಿಕೊಳ್ಳಲು ನಿಂತುಬಿಡುತ್ತದೆ. ಹೆಂಡತಿಯ ಪರದೆ ಕಪ್ಪಾಗುತ್ತಿದ್ದುದು ಇದಕ್ಕೇ.

ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಅದೇ ಕೆಲಸ ಕೊಟ್ಟೆ. ತಾಪ 84ಕ್ಕೆ ಇಳಿಯಿತು. ಏಳು ಡಿಗ್ರಿ! ಪೆಟ್ಟಿಗೆಯೊಳಗೆ ಗಾಳಿ ಆಡುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗೆಂದು ತಗಡು ತೆಗೆದೇ ಇಡುವುದು ಪರಿಹಾರವಲ್ಲ. ದೂಳು ಎರಡರಷ್ಟು ಹೋಗುತ್ತದೆ. ಜೊತೆಗೆ ಮುಂಬಯಿಯ ಹಲ್ಲಿ, ಜಿರಲೆಗಳಿಗೆ ಬೆಚ್ಚಗಿನ ಜಾಗವೆಂದರೆ ಪ್ರೀತಿ.

ಕೈಗೆ ಎಟುಕುವ ಮೂರು ಕೆಲಸ

ಒಂದು, ಜಾಗ ಬದಲಿಸುವುದು. ನಮ್ಮ ಕ್ಯಾಬಿನೆಟ್ಟು ಕಂಪ್ಯೂಟರ್ ಟೇಬಲ್ಲಿನ ಮರದ ಗೂಡಿನೊಳಗೆ ಇತ್ತು. ಹಿಂಭಾಗ ಗೋಡೆಗೆ ತಾಗಿಕೊಂಡಿತ್ತು. ಹಿಂದಿನಿಂದ ಹೊರಬಂದ ಬಿಸಿ ಗಾಳಿ ಗೂಡಿನೊಳಗೇ ಸುತ್ತಿ ಮುಂದಿನಿಂದ ಮತ್ತೆ ಒಳಹೋಗುತ್ತಿತ್ತು. ಅದನ್ನು ಎಳೆದು ಕಿಟಕಿಯ ಪಕ್ಕ, ಬೆನ್ನು ಕಿಟಕಿಯ ಕಡೆಗೆ ಮಾಡಿ, ನೆಲದಿಂದ ಮೇಲೆ ಸಣ್ಣ ಸ್ಟೂಲಿನ ಮೇಲೆ ಇಟ್ಟೆ. ತಗಡು ಮುಚ್ಚಿದ ಮೇಲೂ 87.

ಎರಡು, ದೂಳು ತೆಗೆಯುವುದು. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತು ಖಾಲಿ ಮಾಡಿ, ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟಿದ ನಂತರವೇ ಒಳಗೆ ಕೈಹಾಕಬೇಕು. ಕಾರ್ಡನ್ನು ಹೊರತೆಗೆದು ಬಾಲ್ಕನಿಯಲ್ಲಿ ಬ್ಲೋಅರಿನಿಂದ ಊದಿದೆ. ಊದುವಾಗ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗು ಹಾಳಾಗುತ್ತದೆ. ಅಲ್ಯುಮಿನಿಯಮ್ ಹಾಳೆಗಳ ನಡುವೆ ದೂಳು ಕಂಬಳಿಯ ಹಾಗೆ ಕೂತಿತ್ತು. ಮೃದುವಾದ ಹಳೆಯ ಪೇಂಟ್ ಬ್ರಶ್ಶಿನಿಂದ ಬಿಡಿಸಿ ಮತ್ತೆ ಊದಿದೆ. ಅಮ್ಮ ನೋಡುತ್ತ ನಿಂತಿದ್ದವರು, "ಇದಕ್ಕೂ ಊದುಗೊಳವೆ ಬೇಕಾಯ್ತಲ್ಲ" ಅಂದರು. ಊರಲ್ಲಿ ಊದುವುದು ಒಲೆ ಉರಿಯಲೆಂದು, ಇಲ್ಲಿ ಆರಲೆಂದು. ತಾಪ 81ಕ್ಕೆ ಬಂತು.

ಮೂರು, ವೋಲ್ಟೇಜು ಇಳಿಸುವುದು. ಇದು ಹೆಚ್ಚಿನವರಿಗೆ ಗೊತ್ತಿಲ್ಲದ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಲಾಭದ ಕೆಲಸ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಚಿಪ್ಪು ತಯಾರಾಗುತ್ತವೆ. ಎಲ್ಲವೂ ಒಂದೇ ಗುಣದವಲ್ಲ. ಅವುಗಳಲ್ಲಿ ದುರ್ಬಲವಾದದ್ದೂ ಸರಿಯಾಗಿ ಓಡಲೆಂದು ಎಲ್ಲಕ್ಕೂ ಸ್ವಲ್ಪ ಹೆಚ್ಚೇ ವೋಲ್ಟೇಜು ಕೊಟ್ಟಿರುತ್ತಾರೆ. ಚಿಪ್ಪು ಕೆಲಸ ಮಾಡುವಾಗ ಬಳಸುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ವೇಗ ಹಾಗೇ ಇಟ್ಟು ವೋಲ್ಟೇಜು ನೂರಕ್ಕೆ ಹತ್ತು ಇಳಿಸಿದರೆ ಆ ಶಕ್ತಿ ನೂರಕ್ಕೆ ಹತ್ತೊಂಬತ್ತು ಇಳಿಯುತ್ತದೆ. ಕುದಿ ಬಂದ ಮೇಲೂ ಗ್ಯಾಸು ಜೋರು ಇಟ್ಟರೆ ಬೇಳೆಯೇನೂ ಬೇಗ ಬೇಯುವುದಿಲ್ಲ, ಅಡುಗೆಮನೆ ಮಾತ್ರ ಕಾಯುತ್ತದೆ.

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರು ಬೇರೆ ಕಂಪನಿಯ ಕಾರ್ಡುಗಳಿಗೂ ನಡೆಯುತ್ತದೆ. ಎಎಂಡಿ ಕಾರ್ಡಿನವರಿಗೆ ಕಂಪನಿಯ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲೇ ಈ ಸೌಲಭ್ಯವಿದೆ. ನಮ್ಮ ಕಾರ್ಡು 1.05 ವೋಲ್ಟಿನ ಆಸುಪಾಸಿನಲ್ಲಿ ಓಡುತ್ತಿತ್ತು. ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಪ್ರತಿ ಸಲ ಅರ್ಧ ಗಂಟೆ ಕೆಲಸ ಕೊಟ್ಟು ನೋಡುತ್ತ, 0.875ಕ್ಕೆ ತಂದು ನಿಲ್ಲಿಸಿದೆ. ವೇಗವನ್ನೂ ಚೂರು ಕಡಿಮೆ ಮಾಡಿದೆ. ಅತಿಯಾಗಿ ಇಳಿಸಿದರೆ ಸಾಫ್ಟ್‌ವೇರು ನಿಂತುಹೋಗುತ್ತದೆ, ಆಗ ಒಂದು ಮೆಟ್ಟಿಲು ಹಿಂದೆ ಬಂದರಾಯಿತು. ಕಾರ್ಡಿಗೆ ಅಪಾಯವಿಲ್ಲ. ಇಷ್ಟು ತಾಳ್ಮೆ ಇಲ್ಲದವರು ಪವರ್ ಲಿಮಿಟ್ ಎಂಬ ಗುಂಡಿಯನ್ನು ನೂರರಿಂದ ಎಂಬತ್ತಕ್ಕೆ ಎಳೆದರೂ ಸಾಕು. 170 ವ್ಯಾಟಿದ್ದದ್ದು 130ಕ್ಕೆ ಬಂತು, ತಾಪ 74ಕ್ಕೆ. ಬಿಸಿಗೆ ಹೆದರಿ ವೇಗ ಇಳಿಸಿಕೊಳ್ಳುವುದು ನಿಂತದ್ದರಿಂದ ನಲವತ್ತು ನಿಮಿಷದ ಚಿತ್ರ ಮೂವತ್ತೇಳು ನಿಮಿಷಕ್ಕೆ ಮುಗಿಯಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಗುರುವಾರದ ಎಂಟು ಚಿತ್ರಗಳೂ ಸಮಯಕ್ಕೆ ಹೋದವು. ಆದರೆ ಚಿಪ್ಪಿನ ಸರಾಸರಿ ತಾಪಕ್ಕೂ ಅತಿ ಬಿಸಿ ಬಿಂದುವಿಗೂ ಇನ್ನೂ ಹದಿನೇಳು ಡಿಗ್ರಿಯ ಅಂತರವಿತ್ತು. ಒಳಗಿನ ಪೇಸ್ಟ್ ಒಣಗಿರಬೇಕೆಂಬ ಗುಮಾನಿ. ಕಾರಣವೂ ಇತ್ತು. ನಾನು ಈ ಕಾರ್ಡನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು 2022ರ ಕೊನೆಯಲ್ಲಿ. ಆ ವರ್ಷ ಸೆಪ್ಟೆಂಬರ್ 15ರಂದು ಇಥೀರಿಯಮ್ ಎಂಬ ಡಿಜಿಟಲ್ ಹಣದ ವ್ಯವಸ್ಥೆ ಬದಲಾಗಿ ಗ್ರಾಫಿಕ್ಸ್ ಕಾರ್ಡಿನಿಂದ ಅದನ್ನು ಗಳಿಸುವುದು ನಿಂತುಹೋಯಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ನನಗೆ ಮಾರಿದವರು ಯಾವ ಕೆಲಸಕ್ಕೆ ಬಳಸಿದ್ದರೆಂದು ನಾನು ಕೇಳಲಿಲ್ಲ. ಬೆಲೆ ಕಡಿಮೆ ಇದ್ದಾಗ ಪ್ರಶ್ನೆಗಳೂ ಕಡಿಮೆಯಾಗುತ್ತವೆ.

ಲ್ಯಾಮಿಂಗ್ಟನ್ ರೋಡಿನ ಪಾಠ

ಶನಿವಾರ ಭಾಂಡುಪಿನಿಂದ ದಾದರ್, ಅಲ್ಲಿಂದ ವೆಸ್ಟರ್ನ್ ಲೈನಿನ ಸ್ಲೋ ಹಿಡಿದು ಗ್ರಾಂಟ್ ರೋಡ್. 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನ ಹೆಸರು ಹೊತ್ತ ರಸ್ತೆಗೆ ಈಗ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದು ಬೋರ್ಡಿದೆ. ಆದರೂ ಟ್ಯಾಕ್ಸಿಯವನಿಗೆ ಹಳೆಯ ಹೆಸರೇ ಹೇಳಬೇಕು. ಎರಡು ಕ್ಯಾಬಿನೆಟ್ ಫ್ಯಾನು, ಒಂದು ಟ್ಯೂಬು ಥರ್ಮಲ್ ಪೇಸ್ಟ್, ಮೆಮೊರಿ ಚಿಪ್ಪುಗಳ ಮೇಲೆ ಇಡುವ ಥರ್ಮಲ್ ಪ್ಯಾಡು, ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಬಂತು. ಅಂಗಡಿಯ ಹಿರಿಯರು ಹಿಂದಿಯಲ್ಲಿ ಕೇಳಿದರು, "ಪ್ಯಾಡಿನ ದಪ್ಪ ಅಳೆದುಕೊಂಡು ಬಂದಿದ್ದೀರಾ?" ನಾನು ದೊಡ್ಡ ಗೊತ್ತಿದ್ದವನ ಹಾಗೆ, "ಒಂದೂವರೆ ಮಿಲಿಮೀಟರು ಕೊಡಿ, ಎಲ್ಲದಕ್ಕೂ ಅದೇ ಅಲ್ಲವೇ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಕೊಟ್ಟರು.

ಕ್ಯಾಬಿನೆಟ್ ಫ್ಯಾನುಗಳದ್ದು ಸುಲಭ. ಮುಂದೆ ಒಂದು ಒಳಗೆ ಎಳೆಯಲು, ಹಿಂದೆ ಒಂದು ಹೊರಗೆ ತಳ್ಳಲು. ಗಾಳಿ ಯಾವ ಕಡೆಗೆ ಹೋಗುತ್ತದೆಂದು ಫ್ಯಾನಿನ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ. ಇಲ್ಲದಿದ್ದರೆ ಒಂದು ತುಂಡು ಕಾಗದ ಹಿಡಿದರೆ ಗೊತ್ತಾಗುತ್ತದೆ. ತಾಪ 69.

ಭಾನುವಾರ ಕಾರ್ಡು ಬಿಚ್ಚಿದೆ. ಪ್ರತಿ ಸ್ಕ್ರೂವನ್ನು ಬಿಳಿ ಹಾಳೆಯ ಮೇಲೆ ಅದರ ಜಾಗಕ್ಕೆ ತಕ್ಕಂತೆ ಜೋಡಿಸಿ ಫೋಟೋ ತೆಗೆದುಕೊಂಡೆ. ಒಳಗಿನ ಪೇಸ್ಟ್ ಒಣಗಿ ಬಿರುಕುಬಿಟ್ಟಿತ್ತು. ಪೇಸ್ಟ್ ಏಕೆ ಬೇಕೆಂದರೆ, ಚಿಪ್ಪು ಮತ್ತು ತಾಮ್ರ ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮ ಸಂದುಗಳಿರುತ್ತವೆ. ಅಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಬಿಸಿಯನ್ನು ದಾಟಿಸುವುದರಲ್ಲಿ ಗಾಳಿ ತಾಮ್ರಕ್ಕಿಂತ ಸುಮಾರು ಹದಿನೈದು ಸಾವಿರ ಪಟ್ಟು ಹಿಂದೆ. ಆ ಗಾಳಿಯನ್ನು ಓಡಿಸುವುದಷ್ಟೇ ಪೇಸ್ಟಿನ ಕೆಲಸ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಹಳೆಯದನ್ನು ಒರೆಸಿ, ಹೊಸದನ್ನು ತೆಳ್ಳಗೆ ಹರಡಿ, ಹೊಸ ಪ್ಯಾಡು ಅಂಟಿಸಿ ಮುಚ್ಚಿದೆ.

ಚಾಲೂ ಮಾಡಿದ ಒಂದೇ ನಿಮಿಷಕ್ಕೆ ತಾಪ 95! ಕೈಕಾಲು ತಣ್ಣಗಾಯಿತು. ತಕ್ಷಣ ಆಫ್ ಮಾಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು. ಅದು ಅವಳ ಅನ್ನದ ಬಟ್ಟಲು, ಚೆನ್ನಾಗಿಯೇ ನಡೆಯುತ್ತಿದ್ದುದನ್ನು ನಾನು ಬಿಚ್ಚಿ ಕೂತಿದ್ದೆ.

ಮತ್ತೆ ಬಿಚ್ಚಿದಾಗ ಕಾರಣ ಕಂಡಿತು. ಮೆಮೊರಿಯ ಮೇಲಿನ ಹಳೆಯ ಪ್ಯಾಡಿನ ದಪ್ಪ ಒಂದು ಮಿಲಿಮೀಟರು. ನಾನು ಹಾಕಿದ್ದು ಒಂದೂವರೆ. ಆ ಅರ್ಧ ಮಿಲಿಮೀಟರು ತಾಮ್ರದ ತಳವನ್ನು ಮೇಲಕ್ಕೆ ಎತ್ತಿ ಹಿಡಿದಿತ್ತು, ಚಿಪ್ಪಿಗೆ ಅದು ತಾಗುತ್ತಲೇ ಇರಲಿಲ್ಲ. ಸೋಮವಾರ ಆಫೀಸಿನಿಂದ ಬರುವಾಗ ಮತ್ತೆ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅದೇ ಹಿರಿಯರು ನಗದೆ, ಒಂದು ಮಿಲಿಮೀಟರಿನ ಪ್ಯಾಡು ಕತ್ತರಿಸಿ ಕೊಟ್ಟರು. ರಾತ್ರಿ ಹನ್ನೊಂದಕ್ಕೆ ಎಲ್ಲ ಜೋಡಿಸಿದ ಮೇಲೆ 65, ಅತಿ ಬಿಸಿ ಬಿಂದು 76.

ಆದ್ದರಿಂದ ನನ್ನ ಸಲಹೆ: ಮೊದಲ ಮೂರು ಕೆಲಸ ಮತ್ತು ಕ್ಯಾಬಿನೆಟ್ ಫ್ಯಾನು ಯಾರು ಬೇಕಾದರೂ ಮಾಡಬಹುದು. 91ರಿಂದ 69ರವರೆಗೆ ನಮ್ಮನ್ನು ತಂದದ್ದು ಅವೇ. ಕಾರ್ಡು ಬಿಚ್ಚಿ ಪೇಸ್ಟ್ ಬದಲಿಸಿದ್ದರಿಂದ ಸಿಕ್ಕಿದ್ದು ಮತ್ತೆ ನಾಲ್ಕೇ ಡಿಗ್ರಿ. ಕಾರ್ಡಿಗೆ ವಾರಂಟಿ ಇದ್ದರೆ ಬಿಚ್ಚಲೇಬೇಡಿ. ಬಿಚ್ಚುವುದೇ ಆದರೆ ಹಳೆಯ ಪ್ಯಾಡಿನ ದಪ್ಪ ಅಳೆದ ನಂತರ ಅಂಗಡಿಗೆ ಹೋಗಿ.

ಮಾಡಬಾರದ್ದು

ಪೇಸ್ಟಿನ ಬದಲು ಟೂತ್‌ಪೇಸ್ಟ್ ಹಚ್ಚಬಹುದೆಂಬ ಮಾತು ಹಾಸ್ಟೆಲ್ ಹುಡುಗರಲ್ಲಿ ಓಡಾಡುತ್ತದೆ. ಮೊದಲು ತಂಪಾದಂತೆ ಕಾಣುತ್ತದೆ, ನೀರಿನಂಶ ಆರಿದ ಮೇಲೆ ಸುಣ್ಣದ ಹಾಗೆ ಗಟ್ಟಿಯಾಗಿ ಕೂರುತ್ತದೆ. ನೀರಿನ ಕೂಲರನ್ನು ಕಂಪ್ಯೂಟರಿನ ಎದುರು ಇಡಬೇಡಿ, ತೇವ ನೇರ ಒಳಹೋಗುತ್ತದೆ. ಐಸು, ಫ್ರಿಜ್ಜು ಅಂತೂ ಬೇಡವೇ ಬೇಡ. ಮಳೆಗಾಲದಲ್ಲಿ 30 ಡಿಗ್ರಿ, ನೂರಕ್ಕೆ ಎಂಬತ್ತು ತೇವ ಇರುವ ನಮ್ಮ ಗಾಳಿಯಲ್ಲಿ 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕಟ್ಟುತ್ತದೆ. ತಂಪು ಲೋಟದ ಹೊರಮೈ ಒದ್ದೆಯಾಗುವುದು ಹೀಗೇ. ಮಳೆಗಾಲದಲ್ಲಿ ಊರಿಗೆ ಹೋಗಿ ಹದಿನೈದು ದಿನ ಮನೆ ಮುಚ್ಚಿದ್ದರೆ, ಬಂದವರು ಕಿಟಕಿ ತೆರೆದು ಕೋಣೆಯ ತೇವ ಇಳಿದ ಮೇಲೆ ಕಂಪ್ಯೂಟರ್ ಚಾಲೂ ಮಾಡಿ.

ಬಿಸಿ ಎಲ್ಲಿಗೆ ಹೋಗ್ತದೆ?

ಎಲ್ಲ ಮುಗಿದ ಮೇಲೆ ಅಮ್ಮನಿಗೆ ಹೆಮ್ಮೆಯಿಂದ ಹೇಳಿದೆ, "91 ಇದ್ದದ್ದು 65ಕ್ಕೆ ಬಂತು ಅಮ್ಮಾ." ಅವರು ಮಂಚದ ಮೇಲೆ ಬೀಸಣಿಗೆ ಹಿಡಿದು ಕೂತಿದ್ದರು. "ಪೆಟ್ಟಿಗೆ ತಂಪಾಯ್ತು. ಕೋಣೆ?"

ಸರಿಯಾದ ಪ್ರಶ್ನೆ. ಪೇಸ್ಟು, ಫ್ಯಾನು, ದೂಳು ತೆಗೆಯುವುದು ಇವೆಲ್ಲ ಕಾರ್ಡಿನ ಬಿಸಿಯನ್ನು ಬೇಗ ಕೋಣೆಗೆ ದಾಟಿಸುತ್ತವೆ, ಅಷ್ಟೇ. ಹುಟ್ಟುವ ಬಿಸಿ ಕಡಿಮೆಯಾದದ್ದು ವೋಲ್ಟೇಜು ಇಳಿಸಿದ್ದರಿಂದ ಮಾತ್ರ. 40 ವ್ಯಾಟ್, ಎಂದರೆ ಮೂವರು ನೆಂಟರಲ್ಲಿ ಹತ್ತಿರಹತ್ತಿರ ಅರ್ಧ ಜನ ಎದ್ದು ಹೋದ ಹಾಗೆ. ಉಳಿದ ಎರಡೂವರೆ ಜನ ಅಲ್ಲೇ ಇದ್ದಾರೆ. ಅವರನ್ನು ಕಳಿಸಲು ಕಿಟಕಿಯೇ ಬೇಕು. ಸೆಕೆಗೆ ಹೆದರಿ ಹಗಲು ಮುಚ್ಚಿಡುತ್ತಿದ್ದ ಕಿಟಕಿಯನ್ನು ಕೆಲಸದ ಹೊತ್ತಿನಲ್ಲಿ ತೆರೆದೆವು. ಗಾಳಿ ಹಾದುಹೋಗಲೆಂದು ಎದುರಿನ ಬಾಗಿಲ ಪರದೆ ಎತ್ತಿ ಕಟ್ಟಿದೆವು. ಹೆಂಡತಿ ಭಾರೀ ಚಿತ್ರಗಳನ್ನು ಬೆಳಗಿನ ಆರರಿಂದ ಒಂಬತ್ತರ ನಡುವೆ ಮುಗಿಸಿಕೊಳ್ಳತೊಡಗಿದಳು. ಮಧ್ಯಾಹ್ನ ಗಿರಾಕಿಗಳ ಫೋನು, ನಕ್ಷೆಯಂಥ ಹಗುರ ಕೆಲಸ.

ಜೂನ್ ಮೊದಲ ವಾರ ಅಮ್ಮ ಕುಮಟೆಗೆ ಹೊರಟರು. ಅದರ ಹಿಂದಿನ ದಿನ ಮಧ್ಯಾಹ್ನ ಎರಡೂವರೆಗೆ ನಾನು ನೀರು ಕುಡಿಯಲು ಎದ್ದವನು ಒಳಕೋಣೆಗೆ ಇಣುಕಿದೆ. ಹೆಂಡತಿ ಮೆಲುದನಿಯಲ್ಲಿ ಗಿರಾಕಿಯ ಜೊತೆ ಮಾತಾಡುತ್ತಿದ್ದಳು. ಕಂಪ್ಯೂಟರ್ ಓಡುತ್ತಿತ್ತು, ಸದ್ದು ಕೇಳಿಸುತ್ತಿರಲಿಲ್ಲ. ಅಮ್ಮನಿಗೆ ನಿದ್ದೆ ಹತ್ತಿತ್ತು. ಬೀಸಣಿಗೆ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತ್ತು.